ಸುಟ್ಟ ಮನೆಯ ನೆಲ ಸಾರಿಸಿದ ಕಾಕು

ನಮ್ಮ ಮನೆಯಲ್ಲಿ ನೆಲ ಸಾರಿಸುವುದು ನಿಂತದ್ದು ನನ್ನ ಹಠದಿಂದ. ಬೈಲಹೊಂಗಲದ ನಮ್ಮ ಮನೆಯದು ಆಗ ಮಣ್ಣಿನ ನೆಲ. ಅವ್ವ ಸೋಮವಾರಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಗೊಮ್ಮೆ ಕುಕ್ಕರಗಾಲಿನಲ್ಲಿ ಕುಳಿತು, ಹಿಂದೆ ಹಿಂದೆ ಸರಿಯುತ್ತ, ಸೆಗಣಿ ಕಲಸಿದ ನೀರಿನಲ್ಲಿ ಒಲೆಯ ಮುಂದಿನಿಂದ ಹೊಸ್ತಿಲವರೆಗೆ ಸಾರಿಸಿಕೊಂಡು ಬರುತ್ತಿದ್ದಳು. ನಾನು ಧಾರವಾಡಕ್ಕೆ ಚಿತ್ರಕಲೆ ಕಲಿಯಲು ಹೋದವಳು, ಗೆಳತಿಯರು ಯಾವತ್ತಾದರೂ ಮನೆಗೆ ಬಂದರೆ ಈ ನೆಲದ ಮೇಲೆ ಹೇಗೆ ಕೂರಿಸಲಿ ಎಂದು ನಾಚಿಕೆಪಟ್ಟೆ. ಫರಸಿ ಹಾಕಿಸದಿದ್ದರೆ ರಜೆಗೆ ಊರಿಗೇ ಬರುವುದಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟೆ. ಸಿಟ್ಟು ನನಗೆ ಆಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಪ್ಪ ಶಹಾಬಾದ ಕಲ್ಲು ಹಾಸಿಸಿದ. ಅದರ ನಂತರದ ಮೊದಲ ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಸೆಗಣಿ ಬಕೆಟ್ಟು ಹಿಡಿದು ಪಡಸಾಲೆಯಲ್ಲಿ ಸುಮ್ಮನೆ ನಿಂತಿದ್ದಳು. ನಾನು ನಕ್ಕೆ. ಅವಳು ಬಕೆಟ್ಟನ್ನು ಹಿತ್ತಲಿಗೆ ಒಯ್ದು ಸುರಿದು ಬಂದಳು.

ಅಂಥ ನನಗೆ ಸಿಕ್ಕ ಮೊದಲ ಕೆಲಸವೇ ಒಂದು ಮಣ್ಣಿನ ನೆಲವನ್ನು ನೋಡಿಕೊಳ್ಳುವುದಾಗಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಓಣಿಯ ರಂಗೋಲಿ ಸ್ಪರ್ಧೆಗಳಿಗೆ ತೀರ್ಪು ಕೊಡುವುದನ್ನು ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ. ಮುನವಳ್ಳಿಯ ಆಚೆ, ಬೇಸಿಗೆಯಲ್ಲಿ ಮಲಪ್ರಭೆಯ ಹಿನ್ನೀರು ಹಿಂದಕ್ಕೆ ಸರಿದಾಗ ಮಾತ್ರ ಕಾಣುವ ಒಂದು ದಿಬ್ಬವಿತ್ತು. ಕಾಲೇಜೊಂದರ ಇತಿಹಾಸದ ಪ್ರಾಧ್ಯಾಪಕರು ಹಿಂದಿನ ಬೇಸಿಗೆಯೇ ಅಲ್ಲಿ ಉತ್ಖನನ ಶುರು ಮಾಡಿದ್ದರು. ಅಗೆದಾಗ ಸಿಕ್ಕಿದ್ದನ್ನೆಲ್ಲ ಅಳತೆ ಹಿಡಿದು ಕಾಗದದ ಮೇಲೆ ಬಿಡಿಸುವವರು ಬೇಕಾಗಿತ್ತು. ಹೀಗೆ ನಾನು ಅವರ ಜೊತೆ ಸೇರಿದೆ. ಅವರನ್ನು ನಾವೆಲ್ಲ ಬರೀ ಸರ್ ಎನ್ನುತ್ತಿದ್ದೆವು. ಮಾತು ಕಡಿಮೆ, ಬೈಗುಳ ಇನ್ನೂ ಕಡಿಮೆ, ಒಳ್ಳೆಯ ಮನುಷ್ಯ. ಅವರಿಗಿದ್ದ ಅವಸರ ಒಂದೇ: ಮಳೆಗಾಲ ಹಿಡಿದರೆ ನೀರು ಮತ್ತೆ ಏರಿ ದಿಬ್ಬ ಮುಳುಗುತ್ತದೆ, ಅಷ್ಟರೊಳಗೆ ಕೆಲಸ ಮುಗಿಯಬೇಕು.

ದಿಬ್ಬದಲ್ಲಿ ಸಿಕ್ಕಿದ್ದು ಒಂದು ಸುಟ್ಟ ಕಟ್ಟಡ. ಎರಡು ಸಾವಿರ ವರ್ಷ ಹಳೆಯದಿರಬಹುದು ಎಂದು ಸರ್ ಅಂದಾಜು ಮಾಡಿದ್ದರು. ಮೇಲ್ಮಣ್ಣು ತೆಗೆದ ಮೇಲೆ ಮಾಳಿಗೆ ಕುಸಿದುಬಿದ್ದ ಹೆಂಟೆಗಳು ಸಿಕ್ಕವು. ಬೆಂಕಿಯಲ್ಲಿ ಇಟ್ಟಿಗೆಯ ಹಾಗೆ ಕೆಂಪಾಗಿದ್ದ ಆ ಹೆಂಟೆಗಳ ಒಳಮೈಯಲ್ಲಿ ಜಂತಿಯ ಗುರುತು, ಬಿದಿರಿನ ಗುರುತು ಹಾಗೇ ಕೂತಿದ್ದವು. ಅವುಗಳ ಕೆಳಗೆ ಬೂದಿ, ಇದ್ದಿಲಾದ ಕಂಬದ ಬುಡ, ಒಡೆದ ಗಡಿಗೆಯಲ್ಲಿ ಕರಕಾದ ಹುರುಳಿ. ಎಲ್ಲಕ್ಕಿಂತ ಕೆಳಗೆ ನೆಲ. ಸರ್ ಆ ನೆಲಕ್ಕಾಗಿ ಹಂಬಲಿಸುತ್ತಿದ್ದರು. ಅವರ ತಲೆಯಲ್ಲಿದ್ದ ಪ್ರಶ್ನೆಯನ್ನು ಊಟದ ಹೊತ್ತಿನಲ್ಲೂ ಹೇಳಿ ಹೇಳಿ ನಮಗೆಲ್ಲ ಬಾಯಿಪಾಠವಾಗಿತ್ತು. ಬೆಂಕಿ ಬಿದ್ದಾಗ ಆ ಮನೆಯಲ್ಲಿ ಜನ ಬಾಳುತ್ತಿದ್ದರೋ, ಅಥವಾ ಅವರೆಲ್ಲ ಬಿಟ್ಟುಹೋದ ಮೇಲೆ ಪಾಳು ಮನೆ ಯಾವಾಗಲೋ ಸುಟ್ಟಿತೋ? ಇದಕ್ಕೆ ಉತ್ತರ ನೆಲದಲ್ಲೇ ಸಿಗಬೇಕು ಎನ್ನುತ್ತಿದ್ದರು.

ಕೆಲಸಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಒಬ್ಬಾಕೆ ಐವತ್ತರ ಆಸುಪಾಸಿನವಳು, ಹಣೆಯ ತುಂಬ ವಿಭೂತಿ, ಮಾತಿನಲ್ಲಿ ಸಾವಧಾನ. ಚಿಕ್ಕಮ್ಮನನ್ನು ಕರೆಯುವ ಹಾಗೆ ನಾನು ಆಕೆಯನ್ನು ಕಾಕು ಎಂದು ಕರೆಯುತ್ತಿದ್ದೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರಿನವಳು ಆಕೆ. ಈಗ ಮುಳುಗಿದವರಿಗೆಂದು ಎತ್ತರದಲ್ಲಿ ಕಟ್ಟಿದ ಹೊಸ ಊರಿನಲ್ಲಿದ್ದಳು. ದಿಬ್ಬದ ಮೇಲೆ ನಿಂತರೆ ಅರ್ಧ ಮೈಲಿ ಆಚೆ ಒಣಗಿ ಬಿರಿದ ಕೆಸರಿನಲ್ಲಿ ಕಲ್ಲಿನ ಸಾಲುಗಳು ಕಾಣುತ್ತಿದ್ದವು, ಅದು ಆಕೆಯ ಊರು. ಆ ಸಾಲುಗಳಲ್ಲಿ ತನ್ನ ಮನೆಯ ಅಡಿಪಾಯ ಯಾವುದೆಂದು ಆಕೆಗೆ ಗೊತ್ತಿತ್ತು. ಒಂದು ದಿನ ಬುತ್ತಿ ಬಿಚ್ಚಿ ಕುಳಿತಾಗ ಆ ಮನೆ ಬಿಟ್ಟ ದಿನದ ಕಥೆ ಹೇಳಿದಳು. ಚಕ್ಕಡಿಯಲ್ಲಿ ಸಾಮಾನು ಹೇರಿ ಆಗಿತ್ತಂತೆ. ಬಿಟ್ಟು ಹೋಗುವ ಮನೆಯ ನೆಲವನ್ನು ಬರಿದಾಗಿ ಬಿಟ್ಟು ಹೋಗಬಾರದು, ಕಡೆಯ ಸಲ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಎಳೆದು ಹೊರಡಬೇಕು ಎಂಬುದು ಆಕೆಯ ಅತ್ತೆ ಕಲಿಸಿದ ಪದ್ಧತಿ. ಈಕೆ ಸೆಗಣಿ ಕಲಸುತ್ತಿದ್ದಾಗ ಗಂಡ, ನಾಳೆ ನೀರೇ ಬಂದು ಸಾರಿಸುತ್ತದೆ, ಚಕ್ಕಡಿ ಹತ್ತು ಎಂದು ಕೈ ಹಿಡಿದು ಹತ್ತಿಸಿದನಂತೆ.

"ನೆಲಾ ಬಾಯಿ ಬಿಟ್ಟುಕೊಂಡು ನೋಡಿದಂಗ ಇತ್ತರಿ," ಎಂದಳು ಕಾಕು. ಆಮೇಲೆ ಎದ್ದು ಕೈ ತೊಳೆದುಕೊಂಡಳು. ನಾನು ಆ ಮಾತಿಗೆ ಅಂಥ ಬೆಲೆಯನ್ನೇನೂ ಕೊಡಲಿಲ್ಲ.

ನೆಲವನ್ನು ಓದಲು ನನಗೆ ಕಲಿಸಿದವಳು ಆಕೆಯೇ. ಇದನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ 'ಗಮನಿಸಲಾಗಿದೆ' ಎಂದು ಬರೆದುಕೊಳ್ಳುತ್ತಿದ್ದೆ, ಯಾರು ಗಮನಿಸಿದರು ಎಂದು ಬರೆಯುತ್ತಿರಲಿಲ್ಲ. ಬ್ರಷ್ಷಿನಿಂದ ಬೂದಿ ಸರಿಸುತ್ತ ಹೋದಂತೆ ಕಾಕು ಅಂಗೈ ಊರಿ ತಡವಿ ನೋಡಿ, ಇಲ್ಲಿ ಒಲೆ ಇತ್ತು, ಮಣ್ಣು ಆಳದವರೆಗೆ ಬೆಂದಿದೆ ಎನ್ನುತ್ತಿದ್ದಳು. ಇಲ್ಲಿ ಬೀಸುಕಲ್ಲು, ಒಬ್ಬಾಕೆ ಕಾಲು ಚಾಚಿ ಕೂರುತ್ತಿದ್ದ ತಗ್ಗು ಇದು ಎನ್ನುತ್ತಿದ್ದಳು. ಕಂಬದ ಕುಣಿಯ ಅಂಚಿನಲ್ಲಿ ನೆಲದ ಅಡ್ಡ ಸೀಳು ಕಾಣುತ್ತಿತ್ತು. ಅದರಲ್ಲಿ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳುವಾದ ಪದರಗಳು ಒಂದರ ಮೇಲೊಂದು. ನಾನು ಅದನ್ನು ಹೊಳೆ ಬಂದು ಹೋದ ರೇವೆ ಎಂದು ಗುರುತು ಹಾಕಿದ್ದೆ. ಕಾಕು ನಕ್ಕಳು. ಹೊಳೆ ಅಲ್ಲ, ಹೆಂಗಸರು, ಇಷ್ಟು ಅಮಾವಾಸ್ಯೆ ಸಾರಿಸಿದ್ದಾರೆ ನೋಡಿ ಎಂದಳು. ಸರ್ ಭೂತಗನ್ನಡಿ ಹಿಡಿದು ನೋಡಿ, ಆಕೆ ಹೇಳಿದ್ದೇ ನಿಜ ಎಂದರು. ಅವತ್ತು ನನಗೆ ಆಕೆಯ ಮೇಲೆ ಸಣ್ಣ ಸಿಟ್ಟು ಬಂದಿತ್ತು. ಡಿಪ್ಲೊಮಾ ನನ್ನದು, ತಿಳಿವಳಿಕೆ ಆಕೆಯದು ಎಂಬಂತಾಯಿತಲ್ಲ ಎಂಬ ಹೊಟ್ಟೆಯುರಿ.

ಮೇ ತಿಂಗಳ ಕಡೆಯಲ್ಲಿ ಈಶಾನ್ಯದ ಮೂಲೆಯ ಹೆಂಟೆ ಎತ್ತಿದಾಗ ಅದು ಕಂಡಿತು. ಒಂದು ಚಾಪೆಯಷ್ಟು ಅಗಲ ನೆಲ ಬೆಂದು ಕೆಂಪಾಗಿತ್ತು. ಅದರ ಮೇಲೆ ಕಮಾನು ಕಮಾನಾಗಿ ಗೆರೆಗಳು, ಒಂದೊಂದು ಕಮಾನಿನಲ್ಲಿ ನಾಲ್ಕು ನಾಲ್ಕು. ಸಾರಿಸುವ ಕೈಯ ಬೆರಳುಗಳ ಗೆರೆ. ಕಾಕು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಆಮೇಲೆ ಗೆರೆಗಳಿಗೆ ತಾಗದಂತೆ ಬೆರಳಷ್ಟು ಮೇಲೆ ಬಲಗೈ ಆಡಿಸಿ ನೋಡಿದಳು. ಹೊಂದಲಿಲ್ಲ. ಎಡಗೈ ಆಡಿಸಿದಳು. ಹೊಂದಿತು.

"ಎಡಗೈಯಾಕಿ ಇದ್ಲರಿ," ಎಂದಳು. "ಸಾರಿಸಿದ ಗೆರಿ ಒಂದ ದಿನಾ ಇರತೈತಿ. ಮರುದಿನ ಮನಿ ಮಂದಿ ಕಾಲಾಗ ಸವದು ಹೋಗತೈತಿ. ಇದು ಸವದಿಲ್ಲ. ಅವತ್ತ ಸಾರಿಸ್ಯಾಳ, ಅವತ್ತ ಬೆಂಕಿ ಬಿದ್ದೈತಿ."

ಸರ್ ತಲೆಯ ಮೇಲಿನ ಟೋಪಿ ತೆಗೆದರು. ಎರಡು ವರ್ಷದಿಂದ ಅವರು ಹುಡುಕುತ್ತಿದ್ದ ಉತ್ತರವನ್ನು ಕಾಕು ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಆದರೆ ಕೂಲಿ ಹೆಂಗಸೊಬ್ಬಳು ಹೇಳಿದಳು ಎಂದರೆ ಯಾರೂ ಒಪ್ಪುವುದಿಲ್ಲ, ಪುರಾವೆ ಬೇಕು. ನೆಲದ ತುಂಡನ್ನು ಹಾಗೇ ಕತ್ತರಿಸಿ ಪ್ರಯೋಗಾಲಯಕ್ಕೆ ಒಯ್ಯಬಲ್ಲ ತಜ್ಞರಿದ್ದರು. ಅವರನ್ನು ಕರೆತರಲು, ಕ್ಯಾಮೆರಾದ ರೀಲು ಮುಗಿದಿದ್ದರಿಂದ ಹೊಸದನ್ನು ತರಲು ಸರ್ ಮರುದಿನವೇ ಧಾರವಾಡಕ್ಕೆ ಹೊರಟರು. ಹೋಗುವಾಗ ನನಗೆ ಎರಡು ಕೆಲಸ ಹೇಳಿದರು. ಗೆರೆಗಳನ್ನೆಲ್ಲ ಇದ್ದ ಅಳತೆಯಲ್ಲೇ ಬಿಡಿಸಿ ಮುಗಿಸುವುದು, ಆ ಮೂಲೆಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು.

ಅವರು ಹೊರಟ ಮರುದಿನ ಬಾದಾಮಿ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಭೂಮಿಗೆ ಗುದ್ದಲಿ ಹಾಕುವುದಿಲ್ಲ, ಆದ್ದರಿಂದ ಕೆಲಸಕ್ಕೆ ರಜೆ. ಸರ್ ಮತ್ತು ತಜ್ಞರು ಅದರ ಮಾರನೆಯ ದಿನ ಬರುವವರಿದ್ದರು.

ಅಮಾವಾಸ್ಯೆಯ ಹಿಂದಿನ ದಿನ ನಾನು ಬಿಡಿಸಲು ಕುಳಿತೆ. ನೆರಳಿಲ್ಲದ ಕುಣಿ, ನೆತ್ತಿಯ ಮೇಲೆ ಬಿಸಿಲು. ತಲೆಗೂದಲ ಬುಡದವರೆಗೆ ಬೂದಿ. ಚೌಕದ ಹೊರಗೆರೆ ಎಳೆದು, ಮೊದಲ ಎರಡು ಕಮಾನು ಬಿಡಿಸುವಷ್ಟರಲ್ಲಿ ಸಾಕಾಗಿಹೋಯಿತು. ಮನೆಗೆ ಹೋಗಬೇಕು, ಬಿಸಿನೀರಿನಲ್ಲಿ ತಲೆ ಎರೆದುಕೊಳ್ಳಬೇಕು, ಅಮಾವಾಸ್ಯೆಗೆ ಅವ್ವ ಹೋಳಿಗೆ ಮಾಡುತ್ತಾಳೆ. ಉಳಿದದ್ದನ್ನು ಸರ್ ಬರುವ ದಿನ ಬೆಳಿಗ್ಗೆ ಬೇಗ ಬಂದು ಮುಗಿಸಿದರಾಯಿತು ಎಂದುಕೊಂಡೆ. ಸಂಜೆಗೆ ಇನ್ನೂ ಹೊತ್ತಿದ್ದಾಗಲೇ ಹಲಗೆ, ಪೆನ್ಸಿಲ್ಲು ಕಟ್ಟಿಟ್ಟೆ. ಬೈಲಹೊಂಗಲದ ಬಸ್ಸು ಹಿಡಿಯಲು ರಸ್ತೆಯವರೆಗೆ ನಡೆಯಬೇಕಿತ್ತು. ಹೆಂಗಸರು ಕುಣಿಯ ಮೇಲೆ ತಾಡಪತ್ರಿ ಎಳೆಯುತ್ತಿದ್ದರು. ಕಾಕು ರಸ್ತೆಯ ಕಡೆ ಒಂದಷ್ಟು ದೂರ ನನ್ನ ಹಿಂದೆ ಬಂದಳು.

"ಅಕ್ಕಾರ, ನಾಳೆ ಅಮಾಸಿ ಐತಿ. ಆ ನೆಲಾ ಹಂಗ ಬಿಡೂದು ಬ್ಯಾಡ ಅನಸತೈತ್ರಿ. ಮುಂಜಾನೆ ಬಂದು ಒಂದ ಸಲ ಸಾರಸ್ಲೇನ್ರಿ?"

ಇಷ್ಟು ಸ್ಪಷ್ಟವಾಗಿ ಕೇಳಿದಳು. ದೂರದ ಏರಿನಲ್ಲಿ ಬಸ್ಸಿನ ಧೂಳು ಎದ್ದಿತ್ತು, ನನ್ನ ಕಣ್ಣು ಅದರ ಮೇಲೆ. ಕಿವಿಗೆ ಮಾತು ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಿದ್ದಿತ್ತು, ತಲೆಗೆ ಹೋಗಲಿಲ್ಲ, ಅಷ್ಟೆ. "ಹೂಂ, ಹೂಂ, ಮಾಡ್ರಿ ಕಾಕು," ಎಂದು ಓಡಿದೆ.

ಅಮಾವಾಸ್ಯೆಯ ದಿನ ಎರಡು ಹೋಳಿಗೆ ತುಪ್ಪ ಹಾಕಿಕೊಂಡು ತಿಂದು ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋಳಿಗೆಗೆ ಹೋಯಿತು.

ಮಾರನೆಯ ದಿನ ಬಸ್ಸು ಕೆಟ್ಟು ನಾನು ಮುಟ್ಟುವಾಗ ಸರ್ ಆಗಲೇ ಬಂದಿದ್ದರು. ತಜ್ಞರಿಬ್ಬರು ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತಿದ್ದರು. ಹೆಂಗಸರು ತಾಡಪತ್ರಿ ಎತ್ತಿದರು. ಕುಣಿಯ ತುಂಬ ಸೆಗಣಿಯ ವಾಸನೆ. ಅದನ್ನು ಕೆಟ್ಟ ವಾಸನೆ ಎಂದು ನಾನು ಇವತ್ತಿಗೂ ಹೇಳಲಾರೆ, ನನ್ನ ಬಾಲ್ಯದ ಪ್ರತಿ ಸೋಮವಾರದ ವಾಸನೆ ಅದು. ನೆಲವೆಲ್ಲ ಒಂದೇ ಬಣ್ಣ, ಹಸಿರುಗಪ್ಪು, ನುಣುಪು. ಒಲೆ ಇದ್ದ ಜಾಗದಲ್ಲಿ ಚಿಟಿಕೆ ಕುಂಕುಮ. ಬಾಗಿಲಿದ್ದ ಕಡೆ ಎರಡೆಳೆ ರಂಗೋಲಿ. ಈಶಾನ್ಯದ ಮೂಲೆಯಲ್ಲಿ ಎಡಗೈಯ ಗೆರೆಗಳಿದ್ದಲ್ಲಿ ಈಗ ಬಲಗೈಯ ಗೆರೆಗಳು. ಅಷ್ಟು ಚೆಂದವಾಗಿ ಸಾರಿಸಿದ ನೆಲವನ್ನು ನಾನು ನೋಡಿಲ್ಲ.

ಸರ್ ಕುಣಿಗೆ ಇಳಿದರು. ಬಿದಿರಿನ ಚೂರಿನಿಂದ ಅಂಚಿನಲ್ಲಿ ಮೆಲ್ಲಗೆ ಕೆರೆದರು. ಒಣಗಿದ ಸೆಗಣಿಯ ಹಕ್ಕಳೆ ಎದ್ದಿತು, ಅದಕ್ಕೆ ಅಂಟಿಕೊಂಡು ಕೆಂಪು ನೆಲದ ತೊಗಲೂ ಎದ್ದಿತು. ಇನ್ನೊಂದು ಕಡೆ ಕೆರೆದರು. ಅಲ್ಲೂ ಅಷ್ಟೇ. ಎರಡು ದಿನ ಬಿಸಿಲಿಗೆ ಬಿರಿದಿದ್ದ ಬೆಂದ ಮಣ್ಣು ನೀರನ್ನು ಕುಡಿದು ಸಡಿಲಾಗಿತ್ತು. ತಜ್ಞರಲ್ಲಿ ಹಿರಿಯರಾದವರು ಕುಣಿಯೊಳಗೆ ಇಳಿಯಲೂ ಇಲ್ಲ, ಪೆಟ್ಟಿಗೆಯ ಮುಚ್ಚಳ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ನಾನು ಅವತ್ತು ಸರ್ ಅವರ ಮುಖದಲ್ಲಿ ನೋಡಿದೆ.

ಯಾರು ಮಾಡಿದ್ದು ಎಂದು ಅವರು ಕೇಳಿದರು. ದನಿ ಏರಿಸಲಿಲ್ಲ. ಕಾಕು ಮುಂದೆ ಬಂದಳು. ಏನೋ ತಪ್ಪಾಗಿದೆ ಎಂದು ಆಕೆಗೆ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ. ನಾನು ಹಲಗೆ ಕಟ್ಟಿಟ್ಟದ್ದನ್ನು ನೋಡಿ, ಗೆರೆ ಬಿಡಿಸುವ ಕೆಲಸ ಮುಗಿಯಿತೆಂದೇ ಆಕೆ ತಿಳಿದಿದ್ದಳು. ನಾನೇ ಸಾರಿಸಿದ್ದು, ಇವರಿಬ್ಬರು ನೀರು ಹೊತ್ತು ತಂದರು ಎಂದು ಹೇಳಿ, "ಅಕ್ಕಾರನ್ನ ಕೇಳೇನ್ರಿ ಸರ್, ಹೂಂ ಅಂದಾರ," ಎಂದಳು.

ಸರ್ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಹಲಗೆಯಿತ್ತು, ಅದರ ಮೇಲಿನ ಹಾಳೆಯಲ್ಲಿ ಬರೀ ಎರಡು ಕಮಾನು. ಗೆರೆಗಳನ್ನು ಬಿಡಿಸಿ ಮುಗಿಸಿದ್ದೀಯಾ ಎಂಬ ಪ್ರಶ್ನೆ ಮುಂದೆ ಬರುತ್ತದೆ ಎಂದು ಗೊತ್ತಿತ್ತು. ಎರಡೂ ತಪ್ಪು ನನ್ನದೇ ಎಂದಾದರೆ ಸಂಜೆಯೊಳಗೆ ನಾನು ಮನೆಯಲ್ಲಿರುತ್ತಿದ್ದೆ, ಮತ್ತೆ ರಂಗೋಲಿ ಸ್ಪರ್ಧೆಗಳಿಗೆ.

"ನನ್ನ ಯಾರೂ ಕೇಳಿಲ್ಲ ಸರ್," ಎಂದೆ. "ಮುಟ್ಟಬ್ಯಾಡ್ರಿ ಅಂತನ ಹೇಳಿ ಹೋಗಿದ್ದೆ."

ಕಾಕು ನನ್ನನ್ನು ನೋಡಿದಳು. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗಿ ತಪ್ಪಿಸಿಕೊಳ್ಳಬಹುದಿತ್ತು, ಅದು ನನಗೆ ಚೆನ್ನಾಗಿ ಬರುವ ವಿದ್ಯೆ. ಆದರೆ ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಕಳೆದ ವಸ್ತುವನ್ನು ಎಲ್ಲಿ ಇಟ್ಟೆ ಎಂದು ನೆನಪಿಸಿಕೊಳ್ಳುವವರ ಹಾಗೆ ಹುಬ್ಬು ಗಂಟಿಕ್ಕಿದ್ದಳು. "ಕೇಳಿದ್ನಿ ಅನಸತೈತ್ರಿ," ಎಂದಳು ಮೆಲ್ಲಗೆ. ಅಷ್ಟು ದೂರದಲ್ಲಿ ಕೇಳಿದ್ದನ್ನು ಉಳಿದ ಹೆಂಗಸರು ಕೇಳಿಸಿಕೊಂಡಿರಲಿಲ್ಲ.

ಹಾಳೆಯಲ್ಲಿ ಎರಡೇ ಕಮಾನು ಇದ್ದದ್ದಕ್ಕೆ, ಉಳಿದದ್ದನ್ನು ಇವತ್ತು ಮುಗಿಸುವವಳಿದ್ದೆ ಎಂದೆ, ಸರ್ ನಂಬಿದರು. ಕಾಕುವನ್ನೂ ನೀರು ತಂದ ಇಬ್ಬರನ್ನೂ ಕೆಲಸದಿಂದ ಬಿಡಿಸಿದರು. ಅವರು ಬುತ್ತಿಯ ಗಂಟು ಎತ್ತಿಕೊಂಡು ಕೆಸರಿನ ದಾರಿಯಲ್ಲಿ ನಡೆದು ಹೋದರು. ಆ ದಾರಿ ಮುಳುಗಿದ ಊರಿನ ಕಲ್ಲುಸಾಲುಗಳ ನಡುವೆಯೇ ಹಾದುಹೋಗುತ್ತಿತ್ತು. ಆಗ, ಆಗ ಮಾತ್ರ, ಸಾರಿಸದೆ ಬಿಟ್ಟ ಆಕೆಯ ಮನೆಯ ಕಥೆ ನನಗೆ ನೆನಪಾಯಿತು. ಹಾಳು ಮಾಡಲು ಆಕೆ ಆ ಕುಣಿಗೆ ಇಳಿದಿರಲಿಲ್ಲ. ಬೆಂಕಿ ಬಿದ್ದು ಬಿಟ್ಟುಹೋದ ಮನೆಗೆ, ಬಿಟ್ಟುಹೋದವಳ ಪರವಾಗಿ, ಕಡೆಯ ಸಲ ಸಾರಿಸಲು ಇಳಿದಿದ್ದಳು. ಓಡಿಹೋಗಿ ಹೇಳಿಬಿಡಬೇಕು ಎನಿಸಿತು. ಹಲಗೆ ಹಿಡಿದು ಅಲ್ಲೇ ನಿಂತೆ.

ಜುಲೈನಲ್ಲಿ ನೀರು ಏರಿತು. ಮೂರು ನಾಲ್ಕು ವರ್ಷದ ಮೇಲೆ ಸರ್ ಬರೆದ ವರದಿ ಅಚ್ಚಾಯಿತು, ನನಗೂ ಒಂದು ಪ್ರತಿ ಕಳಿಸಿದರು. ಅದರಲ್ಲಿ ನನ್ನ ಚಿತ್ರಗಳಿವೆ, ನನಗೆ ಕೃತಜ್ಞತೆ ಇದೆ. ಕೂಲಿಯವರ ಅಜ್ಞಾನದಿಂದ ನೆಲದ ಒಂದು ಭಾಗ ಹಾಳಾಯಿತು, ಆದ್ದರಿಂದ ಬೆಂಕಿ ಬಿದ್ದಾಗ ಮನೆಯಲ್ಲಿ ವಾಸವಿತ್ತೇ ಎಂದು ಹೇಳಲಾಗುವುದಿಲ್ಲ ಎಂಬ ಅರ್ಥದ ಒಂದು ವಾಕ್ಯವೂ ಇದೆ. ಆ ಪುಟವನ್ನು ತೆರೆದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಪುಸ್ತಕವನ್ನು ಕಪಾಟಿನ ಮೇಲಿನ ಖಾನೆಗೆ ಏರಿಸಿಟ್ಟೆ.

ನನಗೆ ಮುಂದೆ ಬೈಲಹೊಂಗಲದ ಒಂದು ಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಕಿಯ ಕೆಲಸ ಸಿಕ್ಕಿತು. ಉತ್ಖನನದಲ್ಲಿ ಕೆಲಸ ಮಾಡಿದ ಅನುಭವವೂ ಅದಕ್ಕೆ ನೆರವಾಯಿತು. ಮದುವೆಯಾಯಿತು. ಮುನವಳ್ಳಿಯ ಕಡೆ ಹೋಗುವ ಪ್ರಸಂಗ ಬಂದರೆ ಏನಾದರೊಂದು ನೆವ ಹೇಳಿ ತಪ್ಪಿಸುತ್ತಿದ್ದೆ. ಅದೇ ದಿಕ್ಕಿನಲ್ಲಿರುವ ಸವದತ್ತಿಯ ಗುಡ್ಡಕ್ಕೆ ಮನೆಮಂದಿಯೆಲ್ಲ ಹೊರಟಾಗಲೂ ಒಮ್ಮೆ ಜ್ವರ ಬಂದಿದೆ ಎಂದು ಮಲಗಿದ್ದುಂಟು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮಕ್ಕಳನ್ನು ಕಿತ್ತೂರಿನ ಕೋಟೆಗೆ ಕರೆದುಕೊಂಡು ಹೋಗಿದ್ದೆವು. ಶಾಲೆಯ ಬಿಸಿಯೂಟದ ಅಡುಗೆಯಾಕೆಯೂ ಜೊತೆಗಿದ್ದಳು. ಅರಮನೆಯ ಮುರಿದ ಗೋಡೆಗಳ ನಡುವೆ ನಾನು ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದರೆ ಆಕೆ ಚಪ್ಪಲಿ ಬಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ನೆಲವನ್ನು ಅಂಗೈಯಿಂದ ಸವರಿ ನೋಡಿದಳು. ಇಷ್ಟು ದೊಡ್ಡ ಮನೆಯನ್ನು ಯಾರು ಸಾರಿಸುತ್ತಿದ್ದರೋ, ಅವರ ಸೊಂಟ ಏನಾಗಿರಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮಕ್ಕಳು ನಕ್ಕರು. ನನ್ನ ಮಾತು ಅಲ್ಲಿಗೇ ನಿಂತುಹೋಯಿತು. ಮುಂದಿನ ಭಾನುವಾರ ಮುನವಳ್ಳಿಯ ಬಸ್ಸು ಹತ್ತಿದೆ.

ಹೊಸ ಊರಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾಕು ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಕಣ್ಣಿಗೆ ದಪ್ಪ ಚಷ್ಮ ಬಂದಿತ್ತು. ನನ್ನ ದನಿ ಕೇಳಿಯೇ ಗುರುತು ಹಿಡಿದು, ಬರ್ರಿ ಅಕ್ಕಾರ, ಕುಂದರ್ರಿ ಎಂದಳು. ನಿನ್ನೆ ಮೊನ್ನೆ ಬಿಟ್ಟುಹೋದವಳು ಬಂದಂತೆ. ಸೊಸೆಗೆ ಚಹಾ ಇಡಲು ಹೇಳಿದಳು. ಹೇಳಿದ ಮೇಲೆ, ಚಹಾಕ್ಕೆ ಹೇಳಿದೆನಲ್ಲ ಎಂದು ನನ್ನನ್ನೇ ಕೇಳಿದಳು. ಹೇಳಿದಿರಿ ಎಂದೆ. ಸ್ವಲ್ಪ ಹೊತ್ತಿಗೆ ಒಳಗೆ ಮುಖ ಮಾಡಿ, ಚಹಾಕ್ಕೆ ಹೇಳಿದೆನೋ ಇಲ್ಲವೋ ಎಂದು ಮತ್ತೆ ಕೂಗಿದಳು.

ಸೊಸೆ ಬಸಿ ಕಪ್ಪು ತಂದಿಡುತ್ತ ನಗೆಯಾಡಿದಳು. "ಇವರದು ಒಂದ ಚಟಾ ನೋಡ್ರಿ ಅಕ್ಕಾರ. ಸಾರಿಗೆ ಉಪ್ಪ ಹಾಕಾಕ ಮೂರ ಸಲ ಕೇಳತಾರ. ಹಾಕಿದ ಮ್ಯಾಲೆ ಬಂದು, ನಿನ್ನ ಕೇಳಿ ಹಾಕಿದ್ನಿಲ್ಲೋ ಅಂತಾರ."

ವಯಸ್ಸಾಯಿತಲ್ಲ ಎಂದೆ ನಾನು, ಸಮಾಧಾನದ ಮಾತಿಗೆ. ವಯಸ್ಸಿನ ಮಾತಲ್ಲ, ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಹೀಗೇ ಎಂದಳು ಸೊಸೆ. ಎಷ್ಟು ವರ್ಷವಾಯಿತೆಂದು ಕೇಳಿದೆ. ಆಕೆ ಹೇಳಿದ ಲೆಕ್ಕದಂತೆ, ಆ ಅಮಾವಾಸ್ಯೆಯ ಮುಂದಿನ ವರ್ಷ.

ನಾನು ಬಸಿಯನ್ನು ಕೆಳಗಿಟ್ಟೆ. ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಆಕೆಯ ಕೆಲಸ ಕಳೆದೆ, ಅವಮಾನ ಮಾಡಿದೆ, ಅದಕ್ಕೆ ಕ್ಷಮೆ ಕೇಳಬೇಕು ಎಂದು ಬಂದಿದ್ದೆ. ನಾನು ಕಿತ್ತುಕೊಂಡದ್ದು ಬೇರೆಯದೇ ಎಂದು ಆಗ ತಿಳಿಯಿತು.

"ಕಾಕು, ಅವತ್ತ ನೀವು ಕೇಳಿದ್ರಿ," ಎಂದೆ. "ಸಾರಸ್ಲೇನ್ರಿ ಅಂತ ಬಾಯಿ ಬಿಟ್ಟ ಕೇಳಿದ್ರಿ. ನಾನು ಹೂಂ ಅಂದೆ. ಸರ್ ಮುಂದ ಸುಳ್ಳ ಹೇಳಿದೆ."

ಹುಣಸೆಯ ಮೇಲೆ ಆಡುತ್ತಿದ್ದ ಆಕೆಯ ಕೈ ನಿಂತಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಾ ಕೇಳಿದ್ದೆ?" ಎಂದಳು.

"ಕೇಳಿದ್ರಿ."

"ನೀವು ಓದಿದವರು, ಎಲ್ಲಾ ಬರದ ಇಡತಿದ್ರಿ. ನೀವ ಇಲ್ಲ ಅಂದ ಮ್ಯಾಲೆ ನಂದ ತಪ್ಪಿರಬೇಕು ಅನಕೊಂಡೆ. ಮನಸಿನ್ಯಾಗ ಕೇಳಿ, ಬಾಯೀಲೆ ಕೇಳೇನಿ ಅಂತ ತಿಳಕೊಂಡೆ ಏನೋ ಅಂತ." ಚಷ್ಮ ತೆಗೆದು ಸೆರಗಿನಿಂದ ಒರೆಸಿದಳು. "ಅವತ್ತಿಂದ ನನ್ನ ಮಾತ ನಾನ ನಂಬಿಲ್ಲ ನೋಡ್ರಿ."

ನಾನು ಅತ್ತೆ. ಆಕೆ ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ಆ ಗೆರೆಗಳು ಕಾಗದದ ಮೇಲಾದರೂ ಉಳಿದವೇ ಎಂದು ಕೇಳಿ, ಎರಡೇ ಕಮಾನು ಎಂದಾಗ, ಪಾಪ ಆ ಎಡಗೈಯಾಕೆಯದು ಎಂದು ಹಳಹಳಿಸಿದಳು. ಆಮೇಲೆ ಸೊಸೆಯನ್ನು ಹೊರಗೆ ಕರೆದು, ಈಗ ಹೇಳಿದ್ದನ್ನು ಇವಳ ಮುಂದೆ ಹೇಳಿ ಎಂದಳು. ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ. ಕೋಲು ಹಿಡಿದು ಎದ್ದು, ಅವತ್ತು ನೀರು ಹೊತ್ತು ತಂದಿದ್ದ ಇಬ್ಬರ ಮನೆಗೂ ನನ್ನನ್ನು ಕರೆದೊಯ್ದಳು. ಒಬ್ಬಾಕೆ ತೀರಿಕೊಂಡಿದ್ದಳು, ಅವಳ ಗಂಡನ ಮುಂದೆ ಹೇಳಿಸಿದಳು. ಇನ್ನೊಬ್ಬಾಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಕೇಳಿ, ಈಗೇನು ಬಂತು ಎಂದಳು. ಅದು ನ್ಯಾಯದ ಮಾತು.

ಬಸ್ಸಿಗೆ ಕಳಿಸಲು ಕಾಕು ರಸ್ತೆಯವರೆಗೆ ಬಂದಳು. ಅಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಕಾಕು ಏನನ್ನೋ ಎಣಿಸುತ್ತಿದ್ದವಳ ಹಾಗೆ ತುಟಿ ಅಲ್ಲಾಡಿಸುತ್ತ ನಿಂತಿದ್ದಳು. ಏರಿನಲ್ಲಿ ಬಸ್ಸಿನ ಧೂಳು ಕಂಡಿತು. ಈ ಸಲ ನಾನು ಅತ್ತ ನೋಡಲಿಲ್ಲ. ಬಸ್ಸು ಬಂದು ನಿಂತು, ಜನ ಹತ್ತಿ, ಕಂಡಕ್ಟರು ನನ್ನನ್ನು ಕರೆಯುತ್ತಿದ್ದಾಗ ಆಕೆ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ನಾ ನಿಮ್ಮನ್ನ ಕೇಳಿದ್ನಲ್ರಿ?"

"ಕೇಳಿದ್ರಿ ಕಾಕು. ನಾ ಹೂಂ ಅಂದಿದ್ದೆ," ಎಂದು ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದೆ. ಆಕೆ ಕೈ ಬಿಟ್ಟಳು.